ಗೂಳಿಯ ಕೊಂಬು ಹಿಡಿಯುವುದೆಂದರೆ ಏನು?

ಮಂಗಳೂರಿನ ಕಾಲೇಜೊಂದರಲ್ಲಿ ಪದವಿ ತರಗತಿಯ ಮಕ್ಕಳಿಗೆ ಅನುವಾದ ಕಲಿಸುವಾಗ ನಾನು ಪ್ರತಿವರ್ಷವೂ ಕರಿಹಲಗೆಯ ಮೇಲೆ ಬರೆಯುವ ಇಂಗ್ಲಿಷ್ ವಾಕ್ಯವೊಂದಿದೆ. ಅದರ ಸಾರ ಇಷ್ಟು: ಗೇರುಬೀಜದ ಕಾರ್ಖಾನೆಯೊಂದರ ಮ್ಯಾನೇಜರ್ ಬಾಕಿ ಉಳಿದ ಸಂಬಳದ ವಿಷಯವನ್ನು ತಿಂಗಳುಗಟ್ಟಲೆ ಮುಂದೂಡುತ್ತಾ ಬಂದು, ಕೊನೆಗೊಂದು ದಿನ ಗೂಳಿಯನ್ನು ಅದರ ಕೊಂಬುಗಳಲ್ಲೇ ಹಿಡಿದು, ಕಾರ್ಮಿಕರನ್ನು ಕರೆದು ಮಾತನಾಡಿದರು. ಇಂಗ್ಲಿಷಿನಲ್ಲಿ ಆ ನುಡಿಗಟ್ಟು 'ಟೇಕ್ ದ ಬುಲ್ ಬೈ ದ ಹಾರ್ನ್ಸ್'. ಶಾಲೆಯ ವ್ಯಾಕರಣ ಪುಸ್ತಕಗಳಲ್ಲಿ ಅದಕ್ಕೆ ಕೊಡುವ ಅರ್ಥ 'ಕಷ್ಟವನ್ನು ಧೈರ್ಯದಿಂದ ಎದುರಿಸು' ಎಂದಾಗಿದ್ದು, ಮಕ್ಕಳು ಅದನ್ನೇ ಬಾಯಿಪಾಠ ಮಾಡಿಕೊಂಡು ಬಂದಿರುತ್ತಾರೆ. ಹಾಗಿದ್ದೂ ಈ ಒಂದು ವಾಕ್ಯವನ್ನು ಕನ್ನಡಕ್ಕೆ ತರುವಾಗ ತರಗತಿಯ ಅರ್ಧದಷ್ಟು ಮಂದಿ ಎಡವುತ್ತಾರೆ.

ಎಡವುವ ರೀತಿ ಮೂರು ಬಗೆಯದು. ಕೆಲವರು ಪದಕ್ಕೆ ಪದ ಇಟ್ಟು 'ಮ್ಯಾನೇಜರರು ಗೂಳಿಯ ಕೊಂಬು ಹಿಡಿದರು' ಎಂದು ಬರೆಯುತ್ತಾರೆ. ಇಂಗ್ಲಿಷ್ ಬಾರದ ಓದುಗನಿಗೆ ಕಾರ್ಖಾನೆಯ ಅಂಗಳಕ್ಕೆ ಗೂಳಿ ಎಲ್ಲಿಂದ ಬಂತೆಂಬುದೇ ತಿಳಿಯುವುದಿಲ್ಲ. ಇನ್ನು ಕೆಲವರು 'ಧೈರ್ಯದಿಂದ ಮಾತನಾಡಿದರು' ಎಂದು ಮುಗಿಸುತ್ತಾರೆ. ಇದು ತಪ್ಪಲ್ಲ, ಆದರೆ ತಿಂಗಳುಗಟ್ಟಲೆ ಮುಂದೂಡಿದ್ದರ ಭಾರವೂ ಕೊನೆಗೆ ಆ ಭಾರಕ್ಕೆ ಕೈ ಹಾಕಿದ ಗಳಿಗೆಯೂ ಅಲ್ಲಿ ಕರಗಿಹೋಗುತ್ತವೆ. ಮೂರನೆಯ ಬಗೆ ನನಗೆ ಹೆಚ್ಚು ಚಿಂತೆ ತರುವಂಥದ್ದು. 'ಮ್ಯಾನೇಜರರು ಕಾರ್ಮಿಕರನ್ನು ಬಗ್ಗುಬಡಿದರು' ಎಂದು ಒಬ್ಬಿಬ್ಬರಾದರೂ ಬರೆಯುತ್ತಾರೆ. ಕೊಂಬು ಎಂದೊಡನೆ ಕಾಳಗ, ಕಾಳಗವೆಂದೊಡನೆ ಎದುರಾಳಿ, ಎದುರಾಳಿ ಎಂದರೆ ಎದುರಿಗೆ ನಿಂತ ಮನುಷ್ಯ ಎಂಬ ಊಹೆ ಅವರನ್ನು ಅಲ್ಲಿಗೆ ಎಳೆದೊಯ್ಯುತ್ತದೆ. ಈ ನುಡಿಗಟ್ಟಿನಲ್ಲಿ ಗೂಳಿ ಯಾರು ಎಂಬುದನ್ನು ತಪ್ಪಾಗಿ ಹಿಡಿದರೆ, ಬಾಕಿ ಸಂಬಳವನ್ನು ಒಪ್ಪಿಕೊಂಡು ಮಾತಿಗೆ ಕೂತ ಮನುಷ್ಯ ಕಾರ್ಮಿಕರ ಮೇಲೆ ದಬ್ಬಾಳಿಕೆ ಮಾಡಿದವನಾಗಿಬಿಡುತ್ತಾನೆ. ಒಂದು ನುಡಿಗಟ್ಟಿನ ಮೇಲೆ ಇಷ್ಟು ದೀರ್ಘವಾಗಿ ಬರೆಯುವುದಕ್ಕೆ ಮುಖ್ಯ ಕಾರಣ ಇದೇ.

ಗೂಳಿ ಎಂದರೆ ಇಲ್ಲಿ ಎದುರಿನ ವ್ಯಕ್ತಿಯಲ್ಲ, ಮುಂದೂಡಿದ ಕೆಲಸ. ಬಾಕಿ ಸಂಬಳ, ಪಾಲಾಗದೆ ಉಳಿದ ಆಸ್ತಿ, ಬ್ಯಾಂಕಿನಿಂದ ಬಂದು ಒಡೆಯದೆ ಬಿದ್ದಿರುವ ಲಕೋಟೆ, ಮಗನ ಕುಡಿತದ ವಿಚಾರವಾಗಿ ಮನೆಯಲ್ಲಿ ಯಾರೂ ಎತ್ತದ ಮಾತು, ಇಂಥವು ಗೂಳಿ. ನುಡಿಗಟ್ಟು ಸಲ್ಲಬೇಕಾದರೆ ಮೂರು ಸಂಗತಿಗಳು ಒಟ್ಟಿಗೆ ಇರಬೇಕು. ಒಂದನೆಯದಾಗಿ ಕಷ್ಟ ನಿಜವಾದದ್ದಾಗಿರಬೇಕು ಮತ್ತು ಅದನ್ನು ಮುಟ್ಟಿದರೆ ನೋವಾಗುವ ಸಂಭವವಿರಬೇಕು. ಎರಡನೆಯದಾಗಿ ಅದರಿಂದ ತಪ್ಪಿಸಿಕೊಳ್ಳುವ, ಸುತ್ತುಬಳಸಿ ಹೋಗುವ, ನಾಳೆಗೆ ತಳ್ಳುವ ದಾರಿ ತೆರೆದಿರಬೇಕು. ತೆರೆದ ದಾರಿಯನ್ನು ಬಿಟ್ಟು ಮುಂದೆ ಬಂದಾಗಲೇ ಈ ಮಾತಿಗೆ ಬೆಲೆ. ಮೂರನೆಯದಾಗಿ ಹೆಜ್ಜೆಯನ್ನು ಮೊದಲು ಇಡುವವರು ನಾವಾಗಿರಬೇಕು. ಗೂಳಿ ತಾನಾಗಿ ಬಂದು ಹಾಯ್ದ ಮೇಲೆ ಅದರೊಡನೆ ಸೆಣಸಿದವನನ್ನು ಯಾರೂ ಹೀಗೆ ವರ್ಣಿಸುವುದಿಲ್ಲ.

ಹಿಡಿಯುವುದಕ್ಕೆ ಕೊಂಬೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ನನಗೆ ಸಿಕ್ಕಿದ್ದು ಪುಸ್ತಕದಲ್ಲಲ್ಲ. ಕಾರ್ಕಳದ ಕಡೆಯ ನಮ್ಮ ಅಜ್ಜನ ಮನೆಯಲ್ಲಿ ಉಳುಮೆಗೆ ಒಂದು ಜೋಡಿ ಕೋಣಗಳಿದ್ದವು. ಒಮ್ಮೆ ಅವುಗಳಲ್ಲಿ ಒಂದಕ್ಕೆ ಹೊಟ್ಟೆ ಉಬ್ಬರಿಸಿ, ಬಿದಿರಿನ ಗೊಟ್ಟದಲ್ಲಿ ಕಷಾಯ ಕುಡಿಸಬೇಕಾಯಿತು. ನಾನು ಹೆದರಿ ಹಟ್ಟಿಯ ಗೋಡೆಗೆ ಒತ್ತಿಕೊಂಡು, ಕೋಣದ ಹೊಟ್ಟೆಯ ಬದಿಯಲ್ಲಿ, ಕೈಯಳತೆಯಷ್ಟು ದೂರದಲ್ಲಿ ನಿಂತಿದ್ದೆ. ಅದು ಸುರಕ್ಷಿತ ಜಾಗವೆಂದು ನನ್ನ ಎಣಿಕೆ. ಅಜ್ಜ ಗದರಿದರು: "ಬದಿಯಲ್ಲಿ ನಿಲ್ಲಬೇಡ ಮಗಾ, ಅಲ್ಲಿ ಒದೆಯೂ ಬೀಳ್ತದೆ, ಕೊಂಬೂ ತಾಗ್ತದೆ. ತಲೆ ಹತ್ತಿರ ಬಾ." ಹಾಗೆಂದವರೇ ಒಂದು ಕೈಯಲ್ಲಿ ಕೊಂಬಿನ ಬುಡವನ್ನು ಬಿಗಿಯಾಗಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಮೂಗಿನ ಹೊಳ್ಳೆಗಳಿಗೆ ಸೇರಿಸಿ, ಆ ದೊಡ್ಡ ತಲೆಯನ್ನು ನಿಧಾನವಾಗಿ ಮೇಲಕ್ಕೆತ್ತಿದರು. ಕೋಣ ಒಮ್ಮೆ ಕುತ್ತಿಗೆ ಜಾಡಿಸಿತು. ಅಜ್ಜನ ಮೈ ಅದರ ಜೊತೆಗೇ ಒಂದು ಹೆಜ್ಜೆ ಸರಿಯಿತೇ ಹೊರತು ಹಿಡಿತ ಸಡಿಲಾಗಲಿಲ್ಲ. ಕಷಾಯ ಒಳಗಿಳಿಯಿತು.

ಅಂದು ಹಟ್ಟಿಯಲ್ಲಿ ಕಂಡದ್ದರಲ್ಲಿ ಈ ನುಡಿಗಟ್ಟಿನ ಅರ್ಥ ಪೂರ್ತಿಯಾಗಿ ಇದೆ. ಕೊಂಬು ಪ್ರಾಣಿಯ ಮೈಯಲ್ಲಿ ಅತ್ಯಂತ ಅಪಾಯದ ಭಾಗ ನಿಜ, ಆದರೆ ಕೈಗೆ ಗಟ್ಟಿ ಹಿಡಿತ ಕೊಡುವ ಭಾಗವೂ ಅದೇ. ಹೊಟ್ಟೆಯನ್ನು, ಬೆನ್ನನ್ನು ಹಿಡಿಯಲು ಬರುವುದಿಲ್ಲ. ಬಾಲ ಹಿಡಿದರೆ ಪ್ರಾಣಿ ಓಡುತ್ತದೆ, ಇಲ್ಲವೇ ಒದೆಯುತ್ತದೆ. ತಲೆ ತಿರುಗಿದ ಕಡೆಗೆ ಮೈ ತಿರುಗುವುದರಿಂದ ತಲೆಯನ್ನು ಹಿಡಿದವನಿಗೆ ಇಡೀ ಮೈಯ ಮೇಲೆ ಒಂದಿಷ್ಟು ಹತೋಟಿ ಸಿಗುತ್ತದೆ. ತಲೆಗೆ ಅಂಟಿಕೊಂಡು ನಿಂತವನ ಮೇಲೆ ಕೊಂಬನ್ನು ಬೀಸಲು ಜಾಗವೇ ಇರುವುದಿಲ್ಲ. ಎರಡು ಅಡಿ ದೂರ ನಿಂತವನಿಗೆ ಅದರ ತುದಿ ಪೂರ್ತಿ ರಭಸದಿಂದ ಬಡಿಯುತ್ತದೆ. ಅರೆಬರೆ ದೂರವೇ ಹೆಚ್ಚು ಅಪಾಯಕಾರಿ. ಒಂದೋ ಬೇಲಿಯಾಚೆಗೆ ಇರಬೇಕು, ಇಲ್ಲವೇ ಕೊಂಬಿನ ಬುಡದಲ್ಲಿರಬೇಕು. ಆದ್ದರಿಂದ ಈ ನುಡಿಗಟ್ಟು ಧೈರ್ಯವನ್ನು ಹೊಗಳುವಷ್ಟೇ ಒಂದು ಲೆಕ್ಕಾಚಾರವನ್ನೂ ಹೇಳುತ್ತದೆ. ಬೇಲಿಯಾಚೆ ಹೋಗುವುದು ಸಾಧ್ಯವಿಲ್ಲವೆಂದಾದ ಮೇಲೆ, ನೋಯಿಸುವ ಭಾಗಕ್ಕೇ ನೇರವಾಗಿ ಕೈ ಹಾಕುವುದು ಕಡಿಮೆ ನೋವಿನ ದಾರಿ ಎಂಬುದು ಆ ಲೆಕ್ಕಾಚಾರ.

ನಮ್ಮ ಕರಾವಳಿಯವರು ಕೋಣದೊಡನೆ ಬದುಕಿದವರಾದರೂ, ಕೊಂಬು ಹಿಡಿಯುವುದು ಇಲ್ಲಿ ಆಟವಾಗಿ ಬೆಳೆಯಲಿಲ್ಲ. ಕಂಬಳದಲ್ಲಿ ಓಡಿಸುವವನು ಕೋಣಗಳ ಹಿಂದೆ ಇರುತ್ತಾನೆ. ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಲ್ಲಿ ಯಾವುದರಲ್ಲೂ ಕೊಂಬಿಗೆ ಕೈ ಹಾಕುವ ಪ್ರಸಂಗವಿಲ್ಲ. ತಮಿಳುನಾಡಿನ ಜಲ್ಲಿಕಟ್ಟಿನಲ್ಲಿ ಹೋರಿಯ ಬೆನ್ನ ಮೇಲಿನ ಡುಬ್ಬವನ್ನು ಅಪ್ಪಿ ಹಿಡಿಯಬೇಕೇ ಹೊರತು ಕೊಂಬನ್ನಾಗಲಿ ಬಾಲವನ್ನಾಗಲಿ ಹಿಡಿಯುವಂತಿಲ್ಲ. ನಮ್ಮಲ್ಲಿ ಕೊಂಬಿನ ಭಯವೂ ಬೆರಗೂ ಹೆಚ್ಚು ಉಳಿದಿರುವುದು ಯಕ್ಷಗಾನದಲ್ಲಿ. ದೇವಿ ಮಹಾತ್ಮೆಯ ಆಟದಲ್ಲಿ ಆ ಎತ್ತರದ ಕೊಂಬುಗಳ ಮಹಿಷಾಸುರ ದೊಂದಿಯ ಬೆಳಕಿನಲ್ಲಿ ಪ್ರೇಕ್ಷಕರ ಹಿಂದಿನಿಂದ ಆರ್ಭಟಿಸುತ್ತಾ ಬರುವಾಗ, ನಿದ್ದೆಗಣ್ಣಿನ ಮಕ್ಕಳು ತಾಯಂದಿರ ಸೆರಗಿನೊಳಗೆ ಸೇರುವುದನ್ನು ನೋಡದವರು ಈ ಜಿಲ್ಲೆಗಳಲ್ಲಿ ಕಡಿಮೆ. ಕೊಂಬು ಹಿಡಿಯುವ ಮಾತು ನಮ್ಮ ನಾಲಗೆಗೆ ಸಹಜವಾಗಿ ಬಾರದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಅನಿಸಿಕೆ.

ಯುರೋಪಿನಲ್ಲಿ ಹಾಗಲ್ಲ. ಫ್ರೆಂಚ್, ಸ್ಪ್ಯಾನಿಷ್, ಇಟಾಲಿಯನ್, ಜರ್ಮನ್ ಭಾಷೆಗಳಲ್ಲಿಯೂ ಗೂಳಿಯನ್ನು ಕೊಂಬಿನಲ್ಲಿ ಹಿಡಿಯುವ ಇದೇ ಮಾತು ಇದೇ ಅರ್ಥದಲ್ಲಿ ಇದೆ. ಆದ್ದರಿಂದ ಇದನ್ನು ಇಂಗ್ಲಿಷರ ಸ್ವಂತ ಸೊತ್ತೆಂದು ಭಾವಿಸಬೇಕಾಗಿಲ್ಲ. ಇದರ ಮೂಲದ ಬಗ್ಗೆ ಹಲವು ಕಥೆಗಳು ಚಾಲ್ತಿಯಲ್ಲಿದ್ದು, ಅವುಗಳಲ್ಲಿ ಅಮೆರಿಕದ ಕಥೆ ಹೆಚ್ಚು ಜನಪ್ರಿಯ. 1870ರಲ್ಲಿ ಟೆಕ್ಸಸ್‌ನಲ್ಲಿ ಹುಟ್ಟಿದ ಬಿಲ್ ಪಿಕೆಟ್ ಎಂಬ ಕಪ್ಪು ವರ್ಣದ ದನಗಾಹಿ, ಓಡುತ್ತಿರುವ ಕುದುರೆಯಿಂದ ಹೋರಿಯ ಮೇಲೆ ಜಿಗಿದು, ಕೊಂಬು ಹಿಡಿದು, ಕುತ್ತಿಗೆ ತಿರುಗಿಸಿ ಅದನ್ನು ನೆಲಕ್ಕೆ ಕೆಡಹುವ ಕಲೆಗೆ ಹೆಸರಾಗಿದ್ದ. ಇಂದಿಗೂ ಅಮೆರಿಕದ ರೋಡಿಯೋ ಪಂದ್ಯಗಳಲ್ಲಿ ಆ ವಿಭಾಗ ಉಳಿದುಕೊಂಡಿದೆ. ಆದರೆ ಪಿಕೆಟ್ ಹುಟ್ಟುವ ಎಷ್ಟೋ ಮೊದಲೇ ಈ ನುಡಿಗಟ್ಟು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿರುವುದರಿಂದ ಆತನ ಸಾಹಸವನ್ನು ಇದರ ಮೂಲವೆಂದು ಹೇಳಲು ಬರುವುದಿಲ್ಲ. ಸ್ಪೇನಿನ ಗೂಳಿಕಾಳಗವನ್ನು ಮೂಲವಾಗಿ ತೋರಿಸುವವರೂ ಇದ್ದಾರೆ. ಅಲ್ಲಿಯೂ ಒಂದು ತೊಡಕಿದೆ. ಕೆಂಪು ಬಟ್ಟೆ ಬೀಸುವ ಆ ಕಾಳಗಗಾರನ ಜಾಣ್ಮೆಯೆಲ್ಲ ಕೊಂಬಿಗೆ ಸಿಗದೆ ಬಳುಕಿ ಪಕ್ಕಕ್ಕೆ ಸರಿಯುವುದರಲ್ಲಿದೆ. ಅದು ನಮ್ಮ ನುಡಿಗಟ್ಟು ಹೇಳುವುದಕ್ಕೆ ನೇರ ವಿರುದ್ಧ.

ಚಿತ್ರವಾಗಿ ಇದಕ್ಕೆ ಚೆನ್ನಾಗಿ ಹೊಂದುವುದು ಪೋರ್ಚುಗಲ್ಲಿನ ಪದ್ಧತಿ. ಅಲ್ಲಿ ಫೊರ್ಕಾದು ಎಂದು ಕರೆಯಲಾಗುವ ಎಂಟು ಜನರ ತಂಡ ಬರಿಗೈಯಲ್ಲಿ ಗೂಳಿಯೆದುರು ಸಾಲಾಗಿ ನಿಲ್ಲುತ್ತದೆ. ಮುಂದಿನವನು ಸೊಂಟದ ಮೇಲೆ ಕೈಯಿಟ್ಟು, ಗೂಳಿಯನ್ನು ಕೂಗಿ ಕರೆದು, ಅದು ನುಗ್ಗಿ ಬಂದಾಗ ಪಕ್ಕಕ್ಕೆ ಸರಿಯದೆ ಎರಡು ಕೊಂಬುಗಳ ನಡುವೆ ಬಿದ್ದು ತಲೆಯನ್ನು ಅಪ್ಪಿಕೊಳ್ಳುತ್ತಾನೆ. ಗೂಳಿಯ ಕೊಂಬಿನ ತುದಿಗಳನ್ನು ಮೊದಲೇ ಮುಚ್ಚಿರುತ್ತಾರೆ. ಹಿಂದಿನ ಏಳು ಮಂದಿ ಓಡಿ ಬಂದು ಅವನಿಗೆ ಒತ್ತಾಸೆಯಾಗಿ ನಿಲ್ಲುತ್ತಾರೆ, ಕೊನೆಯವನು ಬಾಲ ಹಿಡಿಯುತ್ತಾನೆ. ಇದೇ ನುಡಿಗಟ್ಟಿನ ಮೂಲ ಎಂದು ನಾನು ಹೇಳುತ್ತಿಲ್ಲ. ನುಡಿಗಟ್ಟನ್ನು ಸರಿಯಾಗಿ ಅರಿಯಲು ಈ ಚಿತ್ರ ನೆರವಾಗುತ್ತದೆ ಎಂಬುದಷ್ಟೇ ನನ್ನ ಮಾತು. ಕೊಂಬು ಹಿಡಿಯುವವನು ಒಬ್ಬನೇ ಆಗಿರಬೇಕೆಂದಿಲ್ಲ, ಸಿದ್ಧತೆಯಿಲ್ಲದೆ ಹಾರಬೇಕೆಂದೂ ಇಲ್ಲ. ವಕೀಲರೊಬ್ಬರನ್ನು ಕೇಳಿಕೊಂಡು, ಅಣ್ಣತಮ್ಮಂದಿರಿಗೆ ಮೊದಲೇ ತಿಳಿಸಿ, ಕಾಗದಪತ್ರ ಹೊಂದಿಸಿಕೊಂಡು ಆಸ್ತಿ ಪಾಲಿನ ಮಾತೆತ್ತಿದ ಹೆಂಗಸೂ ಗೂಳಿಯನ್ನು ಕೊಂಬಿನಲ್ಲೇ ಹಿಡಿದವಳು.

ಗೂಳಿಯೊಡನೆ ಮನುಷ್ಯನ ಈ ಸಲಿಗೆ ಎಷ್ಟು ಹಳೆಯದೆಂಬುದಕ್ಕೆ ಕ್ರೀಟ್ ದ್ವೀಪದ ನೊಸಸ್ ಅರಮನೆಯ ಭಿತ್ತಿಚಿತ್ರವೊಂದು ಸಾಕ್ಷಿ. ಕ್ರಿಸ್ತಪೂರ್ವ ಸುಮಾರು 1450ರದೆಂದು ಎಣಿಸಲಾದ ಆ ಚಿತ್ರದಲ್ಲಿ ಒಬ್ಬರು ಕೊಂಬುಗಳನ್ನು ಹಿಡಿದಿದ್ದಾರೆ, ಒಬ್ಬರು ಗೂಳಿಯ ಬೆನ್ನ ಮೇಲೆ ಲಾಗ ಹಾಕುತ್ತಿದ್ದಾರೆ, ಹಿಂದೆ ಇನ್ನೊಬ್ಬರು ಕೈ ಚಾಚಿ ನಿಂತಿದ್ದಾರೆ.

ಇನ್ನು ಬಳಕೆಯ ವಿಚಾರಕ್ಕೆ ಬರೋಣ. ಈ ನುಡಿಗಟ್ಟಿನಲ್ಲಿ 'ಟೇಕ್' ಬದಲು 'ಗ್ರ್ಯಾಬ್' ಅಥವಾ 'ಸೀಜ್' ಎಂದರೂ ನಡೆಯುತ್ತದೆ, ಕಾಲಕ್ಕೆ ತಕ್ಕಂತೆ 'ಟುಕ್', 'ಟೇಕಿಂಗ್' ಎಂದು ಕ್ರಿಯಾಪದ ಬದಲಾಗುತ್ತದೆ. ಉಳಿದ ಭಾಗ ಬದಲಾಗಬಾರದು. 'ಎ ಬುಲ್' ಎಂದೋ 'ಬೈ ಇಟ್ಸ್ ಹಾರ್ನ್' ಎಂದೋ ಬರೆದರೆ ವ್ಯಾಕರಣ ಕೆಡದಿದ್ದರೂ ಕಿವಿಗೆ ಅಪಸ್ವರವಾಗುತ್ತದೆ, ಕನ್ನಡದಲ್ಲಿ 'ಟೊಂಕ ಕಟ್ಟಿ ನಿಂತ' ಎನ್ನುವ ಬದಲು 'ಸೊಂಟ ಬಿಗಿದು ನಿಂತ' ಎಂದಂತೆ. ಇಂಗ್ಲಿಷ್ ಪತ್ರಿಕೆಗಳನ್ನು ಗಮನಿಸಿ ಓದುವವರಿಗೆ ಇದರ ಹಿಂದೆ ಮುಂದೆ 'ಕೊನೆಗೂ', 'ನಿರ್ಧರಿಸಿದರು', 'ಇನ್ನು ಸಮಯ ಬಂದಿದೆ' ಎಂಬ ಅರ್ಥದ ಮಾತುಗಳು ಮತ್ತೆ ಮತ್ತೆ ಕಾಣುತ್ತವೆ. ಅದು ಆಕಸ್ಮಿಕವಲ್ಲ, ಹಿಂದೊಂದು ಹಿಂಜರಿಕೆ ಇದ್ದೇ ಇತ್ತೆಂದು ಈ ನುಡಿಗಟ್ಟು ಸದ್ದಿಲ್ಲದೆ ಸೂಚಿಸುತ್ತದೆ. ಹಾಗಾಗಿ ದಿನನಿತ್ಯದ ಕೆಲಸಕ್ಕೆ ಇದನ್ನು ಬಳಸುವುದು ಸರಿಯಲ್ಲ. ಬೆಳಗ್ಗೆ ಎದ್ದು ಪಾತ್ರೆ ತೊಳೆದುದನ್ನು ಯಾರೂ ಹೀಗೆ ಹೇಳುವುದಿಲ್ಲ. ಪತ್ರಿಕಾ ಲೇಖನ, ಕಚೇರಿಯ ಸಭೆ, ಮನೆಮಾತು ಇವುಗಳಿಗೆ ಇದು ಒಗ್ಗುತ್ತದೆ. ಕೋರ್ಟಿನ ಅರ್ಜಿಗೂ ಸಂತಾಪ ಪತ್ರಕ್ಕೂ ಒಗ್ಗುವುದಿಲ್ಲ.

ಸಂತಾಪದ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಗಂಡನನ್ನು ಕಳೆದುಕೊಂಡವಳ ದುಃಖವನ್ನಾಗಲಿ, ಗುಣವಾಗದ ಕಾಯಿಲೆಯನ್ನಾಗಲಿ ಕೊಂಬು ಹಿಡಿದು ಬಗ್ಗಿಸಲು ಬರುವುದಿಲ್ಲ. ಅಂಥದ್ದನ್ನು ತಾಳಿಕೊಳ್ಳಬೇಕು. ಕೈ ಹಾಕಿದರೆ ಬದಲಾಗುವ ಕಷ್ಟ, ಕೈ ಹಾಕಿದರೂ ಬದಲಾಗದ ಕಷ್ಟ ಎಂಬ ಈ ಭೇದವನ್ನು ಇಂಗ್ಲಿಷ್ ಬೇರೆ ಬೇರೆ ನುಡಿಗಟ್ಟುಗಳಲ್ಲಿ ಕಾಪಾಡಿಕೊಂಡಿದೆ, ನಮ್ಮ ಮಕ್ಕಳು ಅವೆಲ್ಲವನ್ನೂ 'ಕಷ್ಟ ಎದುರಿಸು' ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. 'ಬೈಟ್ ದ ಬುಲೆಟ್' ಎಂಬುದು ತಾಳಿಕೆಯ ಮಾತು. ಚಾವಟಿ ಏಟಿನ ಶಿಕ್ಷೆಗೆ ಗುರಿಯಾದ ಬ್ರಿಟಿಷ್ ಸೈನಿಕರು ಕೂಗಿಕೊಳ್ಳದಿರಲು ಬಾಯಲ್ಲಿ ಸೀಸದ ಗುಂಡು ಕಚ್ಚಿಕೊಳ್ಳುತ್ತಿದ್ದ ಸಂಗತಿ 18ನೇ ಶತಮಾನದ ಕೊನೆಯಲ್ಲೇ ದಾಖಲಾಗಿದೆ. ಕನ್ನಡದ 'ಹಲ್ಲು ಕಚ್ಚಿ ಸಹಿಸು' ಇದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆಂದರೆ ಬೇರೆ ಅನುವಾದ ಹುಡುಕುವ ಅಗತ್ಯವೇ ಇಲ್ಲ. 'ಫೇಸ್ ದ ಮ್ಯೂಸಿಕ್' ಎನ್ನುವುದು ತಾನು ಮಾಡಿದ್ದರ ಫಲವನ್ನು ತಾನೇ ಅನುಭವಿಸುವ ಮಾತು, ನಮ್ಮ 'ಮಾಡಿದ್ದುಣ್ಣೋ ಮಾರಾಯ' ಎಂಬುದರ ನೆಂಟ.

ನಮ್ಮ ನುಡಿಗಟ್ಟಿಗೆ ಒಡಹುಟ್ಟಿನಂತಿರುವುದು 'ಗ್ರಾಸ್ಪ್ ದ ನೆಟಲ್' ಒಂದೇ. ನೆಟಲ್ ಎಂದರೆ ಮುಟ್ಟಿದರೆ ಉರಿಯುವ ಒಂದು ಬಗೆಯ ತುರಿಕೆ ಗಿಡ. ಅದರ ಎಲೆ ಮತ್ತು ಕಾಂಡದ ಮೇಲಿನ ಟೊಳ್ಳು ರೋಮಗಳ ತುದಿ ಗಾಜಿನಂತೆ ಪೆಡಸು. ಮೆಲ್ಲಗೆ ಸವರಿದರೆ ಆ ತುದಿ ಮುರಿದು, ಚರ್ಮಕ್ಕೆ ಚುಚ್ಚಿ, ಒಳಗಿನ ಉರಿಯುವ ರಸವನ್ನು ಸೇರಿಸುತ್ತದೆ. ಗಟ್ಟಿಯಾಗಿ ಅದುಮಿ ಹಿಡಿದರೆ ರೋಮಗಳು ಮಲಗಿಬಿಡುವುದರಿಂದ ಅಷ್ಟಾಗಿ ಚುಚ್ಚುವುದಿಲ್ಲ ಎಂಬುದು ಹಳ್ಳಿಗರ ಅನುಭವ. ಹಟ್ಟಿಯಲ್ಲಿ ಕಂಡ ಪಾಠವೇ ಇಲ್ಲಿಯೂ ಇದೆ: ಅರೆಮನಸ್ಸಿನ ಕೈಗೆ ಹೆಚ್ಚು ಏಟು.

ಕೊಂಬು ಇರುವ ಬೇರೆ ನುಡಿಗಟ್ಟುಗಳೊಡನೆ ಇದನ್ನು ಬೆರೆಸಿಕೊಳ್ಳುವ ಅಪಾಯವೂ ಉಂಟು. 'ಲಾಕ್ ಹಾರ್ನ್ಸ್' ಎಂದರೆ ಇಬ್ಬರು ಜಗಳಕ್ಕೆ ಬೀಳುವುದು. ಕಾರ್ಮಿಕರನ್ನು ಬಗ್ಗುಬಡಿದರೆಂದು ಬರೆದ ಹುಡುಗ ಮನಸ್ಸಿನಲ್ಲಿ ಇಟ್ಟುಕೊಂಡಿದ್ದದ್ದು ಬಹುಶಃ ಇದನ್ನು. 'ಹಾರ್ನ್ಸ್ ಆಫ್ ಎ ಡಿಲೆಮಾ' ಎಂಬುದು ನಮ್ಮ 'ಅತ್ತ ದರಿ ಇತ್ತ ಪುಲಿ'. ಎರಡು ಕೊಂಬುಗಳ ಪೈಕಿ ಯಾವುದನ್ನು ಆರಿಸಿದರೂ ತಿವಿತ ತಪ್ಪದು. ತರ್ಕಶಾಸ್ತ್ರ ಓದುವವರು ಇಲ್ಲೊಂದು ಸೊಗಸಾದ ಸಂಗತಿಯನ್ನು ಗಮನಿಸಬಹುದು. ಇಂಥ ಇಬ್ಬಂದಿಯ ವಾದದಿಂದ ಪಾರಾಗಲು ಪಾಶ್ಚಾತ್ಯ ತರ್ಕದಲ್ಲಿ ಹೇಳುವ ಉಪಾಯಗಳಲ್ಲಿ ಎರಡು ಕೊಂಬಿನ ಹೆಸರಿನವೇ ಆಗಿವೆ. ಇರುವುದು ಎರಡೇ ದಾರಿ ಎಂಬ ಮಾತೇ ಸುಳ್ಳು, ಮೂರನೆಯದೂ ಇದೆ ಎಂದು ತೋರಿಸುವುದು ಕೊಂಬುಗಳ ನಡುವಿನಿಂದ ನುಸುಳುವ ಉಪಾಯ. ಎರಡರಲ್ಲಿ ಒಂದು ದಾರಿಯನ್ನು ನೇರವಾಗಿ ಹಿಡಿದು, ಇದರಿಂದ ನೀವು ಹೇಳುವ ಕೇಡು ಆಗುವುದೇ ಇಲ್ಲ ಎಂದು ಸಾಧಿಸುವುದು ಕೊಂಬು ಹಿಡಿಯುವ ಉಪಾಯ. ಉದಾಹರಣೆಗೆ, 'ಸಾಲ ಇದೆಯೆಂದು ಮನೆಯವರಿಗೆ ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮನೆ ಹೋಗುತ್ತದೆ' ಎಂದು ಕೊರಗುವವನ ಬಳಿ ಕೂತು, 'ಹೇಳಿದರೆ ಮರ್ಯಾದೆ ಹೋಗುತ್ತದೆಂದು ನಿನಗೆ ಯಾರು ಹೇಳಿದರು?' ಎಂದು ಕೇಳುವ ಸ್ನೇಹಿತ ಮಾಡುತ್ತಿರುವುದು ಅದನ್ನೇ. ಭಯಪಟ್ಟು ಮುಟ್ಟದೆ ಬಿಟ್ಟಿದ್ದ ಕೊಂಬನ್ನು ಕೈಯಲ್ಲಿ ಹಿಡಿದು, ಅದರ ಮೊನೆ ಎಷ್ಟು ಹರಿತವೆಂದು ಪರೀಕ್ಷಿಸುವ ಕೆಲಸ ಅದು.

ಕನ್ನಡದಲ್ಲಿ ಇದನ್ನು ಏನೆಂದು ಹೇಳಬೇಕೆಂಬುದು ನನ್ನನ್ನು ವರ್ಷಗಳಿಂದ ಕಾಡಿದ ಪ್ರಶ್ನೆ. ಇದರ ವಿರುದ್ಧಾರ್ಥಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 'ಮೀನ ಮೇಷ ಎಣಿಸು' ಎಂಬ ಒಂದು ಮಾತು ಸಾಕು. ರಾಶಿಗಳನ್ನು ಎಣಿಸುತ್ತಾ, ಮುಹೂರ್ತ ಕಾಯುತ್ತಾ, ಕೈ ಕಟ್ಟಿ ಕೂತವನ ಪೂರ್ಣ ಚಿತ್ರ ಅದರಲ್ಲಿದೆ. ನೇರಾರ್ಥಕ್ಕೆ ಬಂದಾಗ ಕೈಗೆ ಸಿಗುವ ಮಾತುಗಳು ಹಲವು, ಆದರೆ ಒಂದೊಂದೂ ಸ್ವಲ್ಪ ಸ್ವಲ್ಪ ಬೇರೆ ಕಡೆಗೆ ವಾಲುತ್ತವೆ. 'ಮೂಗುದಾರ ಹಾಕು' ಎಂಬುದು ದನಕರುಗಳ ಲೋಕದಿಂದಲೇ ಬಂದದ್ದಾದರೂ ಅದರಲ್ಲಿರುವುದು ಅಂಕೆ, ಎದುರುಗೊಳ್ಳುವಿಕೆಯಲ್ಲ. ಬೆಲೆಯೇರಿಕೆಗೆ ಮೂಗುದಾರ ಹಾಕಬಹುದು, ಮುಂದೂಡಿದ ಮಾತಿಗೆ ಹಾಕಲಾಗದು. 'ಸೆಡ್ಡು ಹೊಡೆ' ಎನ್ನುವುದು ಕುಸ್ತಿಯ ಕಣದ ಮಾತು, ಅದಕ್ಕೆ ಎದುರಾಳಿ ಬೇಕೇ ಬೇಕು. 'ಟೊಂಕ ಕಟ್ಟು', 'ಕಂಕಣ ತೊಡು' ಎಂಬಲ್ಲಿ ಸಂಕಲ್ಪ ಇದೆ, ಆದರೆ ಕೈ ಇನ್ನೂ ಕೊಂಬಿಗೆ ತಾಗಿಲ್ಲ. 'ಎದೆಯೊಡ್ಡು' ಹತ್ತಿರಕ್ಕೆ ಬರುತ್ತದೆ. ಅದರಲ್ಲಿ ಬಂದದ್ದನ್ನು ಸ್ವೀಕರಿಸುವ ಭಾವ ಹೆಚ್ಚು, ತಾನಾಗಿ ಮುಂದೆ ಹೋಗುವ ಭಾವ ಕಡಿಮೆ. 'ನೀರಿಗಿಳಿದ ಮೇಲೆ ಚಳಿಯೇನು, ಮಳೆಯೇನು' ಎಂಬ ಗಾದೆ ಇಳಿದ ನಂತರದ ಸ್ಥಿತಿಯನ್ನು ಹೇಳುತ್ತದೆ, ನಮಗೆ ಬೇಕಾದದ್ದು ಇಳಿಯುವ ಗಳಿಗೆ.

ಇಂಥ ಸೂಕ್ಷ್ಮಗಳು ನಿಘಂಟಿನಲ್ಲಿ ಸಿಗುವುದಿಲ್ಲವೆಂದು ದೂರುವುದು ಸರಿಯಲ್ಲ. 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು ತೆರೆದು ನೋಡಿದವರಿಗೆ ಗೊತ್ತು: ಅಲ್ಲಿ ಪದದ ಅರ್ಥ ಕೊಟ್ಟು ಸುಮ್ಮನಾಗದೆ, ಜನರ ಬಾಯಲ್ಲಿದ್ದ ಗಾದೆಗಳನ್ನು ಎತ್ತಿ ತೋರಿಸಿ ಪದವು ಬದುಕುವ ಬಗೆಯನ್ನು ವಿವರಿಸಲಾಗಿದೆ. ನುಡಿಗಟ್ಟಿನ ಅನುವಾದಕ್ಕೂ ದಾರಿ ಅದೇ. ಗೂಳಿಗೆ ಗೂಳಿಯನ್ನೇ ಹುಡುಕಬೇಕಾಗಿಲ್ಲ. ಅಪಾಯದ ಮುಖಕ್ಕೆ ತಾನೇ ಮುಖ ಕೊಡುವುದು ಜಾಣತನವೂ ಹೌದು ಎಂಬ ತರ್ಕ ನಮ್ಮ ಜನರ ಯಾವ ಕಸುಬಿನಲ್ಲಿದೆ ಎಂದು ಹುಡುಕಬೇಕು.

ಆ ಹುಡುಕಾಟಕ್ಕೆ ಉತ್ತರ ಕೊಟ್ಟವಳು ಮಲ್ಪೆಯಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ. ಅವಳ ಮನೆಯವರು ನಾಡದೋಣಿಯಲ್ಲಿ ಮೀನು ಹಿಡಿಯುವವರು. ಮಳೆಗಾಲದಲ್ಲಿ, ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳು ದಡ ಸೇರಿದಾಗ ನಾಡದೋಣಿಗಳಿಗೆ ದುಡಿಮೆಯ ಕಾಲ, ಕಡಲಿನ ಅಬ್ಬರವೂ ಆಗಲೇ ಹೆಚ್ಚು. ನಾನು ಕೊಂಬಿನ ಬುಡ, ತುದಿ ಎಂದೆಲ್ಲ ವಿವರಿಸುತ್ತಿದ್ದಾಗ ಅವಳು ಎದ್ದು ನಿಂತು ಹೇಳಿದಳು: "ಸರ್, ಅಳಿವೆಯಲ್ಲಿ ತೆರೆ ಬಂದ್ರೆ ದೋಣಿ ತಿರುಗಿಸ್ಲಿಕ್ಕಿಲ್ಲ. ತೆರೆಗೆ ಮೂತಿ ಕೊಡ್ಬೇಕು. ಹೆದರಿ ಅಡ್ಡ ಮಾಡಿದ್ರೆ ಮಗುಚ್ತದೆ."

ತರಗತಿ ಒಂದು ಕ್ಷಣ ಸ್ತಬ್ಧವಾಯಿತು, ಏಕೆಂದರೆ ಅಲ್ಲಿದ್ದ ಎಲ್ಲರಿಗೂ ಅದು ಕಣ್ಣಿಗೆ ಕಟ್ಟಿತು. ನೇತ್ರಾವತಿ, ಫಲ್ಗುಣಿ ನದಿಗಳು ಕಡಲು ಸೇರುವ ಮಂಗಳೂರಿನ ಅಳಿವೆ ಬಾಗಿಲಿನಲ್ಲಿ ದೋಣಿಗಳು ಮೂತಿಯೆತ್ತಿ ತೆರೆಯನ್ನು ಸೀಳಿ ಹೋಗುವುದನ್ನು ನೋಡಿ ಬೆಳೆದವರು ನಾವು. ತೆರೆಗೆ ಎದುರಾದ ದೋಣಿಯ ಚೂಪಾದ ಮುಂಭಾಗ ನೀರನ್ನು ಎರಡಾಗಿ ಸೀಳುತ್ತದೆ, ದೋಣಿ ಏರುತ್ತದೆ, ಇಳಿಯುತ್ತದೆ. ಅದೇ ದೋಣಿ ಅಡ್ಡಲಾಗಿ ಸಿಕ್ಕಿದರೆ ಅದರ ಇಡೀ ಪಕ್ಕೆಯ ಮೇಲೆ ತೆರೆಯ ಪೂರ್ತಿ ಭಾರ ಬೀಳುತ್ತದೆ. ತಪ್ಪಿಸಿಕೊಳ್ಳಲೆಂದು ತಿರುಗುವ ಆ ಕ್ಷಣದಲ್ಲೇ ದೋಣಿ ಅಡ್ಡವಾಗಿರುತ್ತದೆ. ಹೊಟ್ಟೆಯ ಬದಿಯಲ್ಲಿ ನಿಂತಿದ್ದ ನನ್ನನ್ನು ಅಜ್ಜ ತಲೆಯ ಹತ್ತಿರ ಕರೆದದ್ದಕ್ಕೂ ಇದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಎದುರಾಳಿಯೂ ಇಲ್ಲಿಲ್ಲ. ತೆರೆಯ ಮೇಲೆ ಯಾರಿಗೂ ಹಗೆಯಿರುವುದಿಲ್ಲ, ಆದ್ದರಿಂದ ಕಾರ್ಮಿಕರನ್ನು ಬಗ್ಗುಬಡಿಯುವ ತಪ್ಪಿಗೆ ಈ ಅನುವಾದದಲ್ಲಿ ಎಡೆಯೇ ಇಲ್ಲ.

ಇದು ಎಲ್ಲ ಕಡೆಗೂ ಸಲ್ಲುವ ಅನುವಾದವೆಂದು ನಾನು ವಾದಿಸುವುದಿಲ್ಲ. ಬಯಲುಸೀಮೆಯ ಓದುಗರಿಗಾಗಿ ಬರೆಯುವಾಗ 'ಮೀನ ಮೇಷ ಎಣಿಸುವುದನ್ನು ಬಿಟ್ಟು ನೇರವಾಗಿ ವಿಷಯಕ್ಕೇ ಕೈ ಹಾಕಿದರು' ಎಂದು ಬಿಡಿಸಿ ಬರೆಯುವುದು ಲೇಸು. ಅದರಲ್ಲಿ ಹಿಂಜರಿಕೆಯೂ ಇದೆ, ಅದನ್ನು ದಾಟಿದ ಗಳಿಗೆಯೂ ಇದೆ. ಅಂದು ತರಗತಿ ಮುಗಿಯುವ ಮುನ್ನ ಆ ಹುಡುಗಿ ಕರಿಹಲಗೆಯ ವಾಕ್ಯವನ್ನು ತನ್ನ ನೋಟುಪುಸ್ತಕದಲ್ಲಿ ಹೀಗೆ ಬರೆದು ತೋರಿಸಿದಳು: 'ಬಾಕಿ ಸಂಬಳದ ಮಾತನ್ನು ತಿಂಗಳುಗಟ್ಟಲೆ ತಪ್ಪಿಸುತ್ತಾ ಬಂದಿದ್ದ ಮ್ಯಾನೇಜರರು ಕೊನೆಗೊಂದು ದಿನ ತೆರೆಗೆ ಮೂತಿ ಕೊಟ್ಟು, ಕಾರ್ಮಿಕರನ್ನು ಕರೆದು ಕುಳ್ಳಿರಿಸಿ ಮಾತನಾಡಿದರು.' ಮೂಲದಲ್ಲಿ ಇಲ್ಲದ 'ಕುಳ್ಳಿರಿಸಿ' ಎಂಬ ಪದವನ್ನು ಅವಳು ಸೇರಿಸಿದ್ದಳು. ತಿದ್ದಲೆಂದು ಕೈಗೆತ್ತಿಕೊಂಡ ಕೆಂಪು ಪೆನ್ನನ್ನು ನಾನು ಹಾಗೆಯೇ ಕೆಳಗಿಟ್ಟೆ.